ತನ್ನ ಪಾಡಿಗೆ ತಾನು

ಕುದೇರಿನ ಕೇರಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ. ಒಂಬತ್ತು ವರ್ಷ. ಬೆಳಿಗ್ಗೆ ಅವನ ಅವ್ವ ಹಾಲು ಹಾಕಲು ಸೊಸೈಟಿಗೆ ಹೋಗುವಾಗ ಸೆರಗು ಹಿಡಿದು ಜೊತೆಗೆ ಹೋಗುತ್ತಾನೆ. ಒಂದು ಕಾಲಕ್ಕೆ ಕೇರಿಯ ಹಾಲು ಊರಿಗೆ ಮೈಲಿಗೆ. ಈಗ ಕ್ಯಾನಿಗೆ ಬಿದ್ದ ಮೇಲೆ ಯಾರ ಮನೆಯ ಹಾಲು ಎಂದು ಕೇಳುವವರಿಲ್ಲ, ಎಲ್ಲಾ ಒಂದಾಗಿ ಡೈರಿ ಸೇರುತ್ತದೆ. ಅಲ್ಲಿ ಹಾಲು ಅಳೆಯುವವರು ದಿನಾ ಕೇಳುವ ಮಾತು ಒಂದೇ: "ಎಷ್ಟ್ ಲೀಟ್ರು?" ಹುಡುಗನಿಗೆ ಹೊಟ್ಟೆ ಹಸಿದರೆ, ಅದು ಮಧ್ಯಾಹ್ನವಾಗಲಿ ನಡುರಾತ್ರಿಯಾಗಲಿ, ಅವನ ಬಾಯಿಂದ ಬರುವುದೂ ಅದೇ: "ಎಷ್ಟ್ ಲೀಟ್ರು?" ಕೇಳಿದವರು ನಗುತ್ತಾರೆ. ಅವ್ವ ಎದ್ದು ಹೋಗಿ ತಟ್ಟೆಗೆ ಮುದ್ದೆ ಹಾಕುತ್ತಾಳೆ.

ಈ ಹುಡುಗನಿಗೆ ಊರು ಎಷ್ಟು ಹೆಸರು ಕೊಟ್ಟಿದೆ ಎಂದು ನಾವು ಲೆಕ್ಕ ಹಾಕಿದೆವು. ಮಂಕ, ಮೂಗ, ಎಬಡ, ಪೆಕರ. ಗಾಳಿ ಸೋಕಿದೆ ಎಂದವರುಂಟು. ಶಾಸ್ತ್ರ ಕೇಳಲು ಹೋದಲ್ಲಿ ಹಿಂದಿನ ಜನ್ಮದ ಕರ್ಮ ಎಂದರು, ಅದೂ ಹುಡುಗನ ಕರ್ಮವಲ್ಲ, ಹೆತ್ತವಳದು. ಮಲೆ ಮಾದಪ್ಪನಿಗೆ ಮುಡಿ ಕೊಟ್ಟಾಯಿತು, ಚಿಕ್ಕಲ್ಲೂರು ಜಾತ್ರೆಗೆ ಹರಕೆ ಹೊತ್ತಾಯಿತು. ಶಾಲೆಯಲ್ಲಿ ಬುದ್ಧಿಮಾಂದ್ಯ ಎಂದರು. ಕೊನೆಗೆ ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ತಲೆಯೆತ್ತದೆ 'ಆಟಿಸಂ' ಎಂದು ಬರೆದರು. ಅದರರ್ಥ ಏನು ಸ್ವಾಮಿ ಎಂದರೆ, ಪಕ್ಕದಲ್ಲಿದ್ದವರು 'ಸ್ವಲೀನತೆ' ಎಂದು ಕನ್ನಡ ಮಾಡಿ ಹೇಳಿದರು. ಆ ತಾಯಿಗೆ ಎರಡೂ ಒಂದೇ, ಎರಡೂ ಬೇರೆಯವರ ಮಾತು.

ನಾವು ಅವಳನ್ನೇ ಕೇಳಿದೆವು: "ಅಕ್ಕಾ, ನೀನು ಏನಂತೀಯ?"

"ಏನಂದನಪ್ಪ, ಅವ ತನ್ಪಾಡ್ಗ ತಾನು ಇರ್ತಾನ. ಕೂಗುದ್ರ ತಿರ್ಗಿ ನೋಡಲ್ಲ. ಕಿವುಡ ಅನ್ನಕಾಗಲ್ಲ, ಹಾಲಿನ ಗಾಡಿ ಸದ್ದು ಊರಾಚ ಕೇಳುದ್ರೂ ಎದ್ದು ಓಡ್ತಾನ. ತನ್ಪಾಡ್ಗ ತಾನು, ಅಷ್ಟೇಯ."

ಗೆಳೆಯರೇ, ಈ ಮಾತಿನ ಹತ್ತಿರ ನಾವು ಸ್ವಲ್ಪ ನಿಲ್ಲಬೇಕಾಯಿತು. ಯಾಕೆಂದರೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಓಯ್ಗೆನ್ ಬ್ಲಾಯ್ಲರ್ 1910-11ರ ಹೊತ್ತಿಗೆ 'ಆಟಿಸಂ' ಎಂಬ ಪದ ಕಟ್ಟಿದಾಗ ಅವನು ಆರಿಸಿಕೊಂಡದ್ದು ಗ್ರೀಕ್ ಭಾಷೆಯ 'ಆಟೋಸ್' ಎಂಬ ಮಾತನ್ನು. ಆಟೋಸ್ ಎಂದರೆ ತಾನು. ನೂರಕ್ಕೂ ಹೆಚ್ಚು ವರ್ಷ ದಾಟಿ, ಮೂರು ಭಾಷೆ ದಾಟಿ, ಸಂಸ್ಕೃತದಲ್ಲಿ 'ಸ್ವಲೀನತೆ'ಯಾಗಿ ಬಂದದ್ದು ಕುದೇರಿನ ಕೂಲಿ ಹೆಂಗಸಿನ ಬಾಯಲ್ಲಿ ಮೊದಲೇ ಇತ್ತು. ನಮ್ಮ ಪದಕೋಶದವರು ಅವಳನ್ನು ಕೇಳಲಿಲ್ಲ. ಕೇಳಿದ್ದರೆ 'ಲೀನ' ಎಂಬ ಮಾತು ಬಳಸುತ್ತಿರಲಿಲ್ಲ. ನಮ್ಮ ಕಡೆ ಲೀನವಾಗುವುದು ಸತ್ತವರು. ದೇವರಲ್ಲಿ ಲೀನ, ಪಂಚಭೂತದಲ್ಲಿ ಲೀನ. ಈ ಹುಡುಗ ಬದುಕಿದ್ದಾನೆ.

ಬ್ಲಾಯ್ಲರ್ ಆ ಪದವನ್ನು ಹೇಳಿದ್ದು ಮಕ್ಕಳಿಗಲ್ಲ. ಸ್ಕಿಜೋಫ್ರೇನಿಯ ಎಂಬ ಪದವನ್ನು ಕಟ್ಟಿದವನೂ ಅವನೇ. ಆ ಕಾಯಿಲೆಯವರು ಹೊರಗಿನ ಲೋಕವನ್ನು ಬಿಟ್ಟು ಒಳಗೇ ಸೇರಿಕೊಳ್ಳುವುದನ್ನು ಅವನು ಹಾಗೆ ಕರೆದ. ಮಕ್ಕಳ ವಿಷಯಕ್ಕೆ ಬಂದರೆ, 1925ರಲ್ಲಿ ಸೋವಿಯತ್ ದೇಶದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ಆರು ಹುಡುಗರನ್ನು ನೋಡಿ ಬರೆದದ್ದು ಇಂದಿನ ಆಟಿಸಂ ವಿವರಣೆಗೆ ತೀರಾ ಹತ್ತಿರ. ಮರುವರ್ಷ ಜರ್ಮನ್ ಭಾಷೆಗೂ ಬಂತು. ಆದರೂ ಹತ್ತಾರು ವರ್ಷ ಪಶ್ಚಿಮದ ಪಂಡಿತರ ಪುಸ್ತಕಗಳಲ್ಲಿ ಅವಳ ಹೆಸರಿಲ್ಲ.

ಹೆಸರು ಬಂದದ್ದು ಲಿಯೋ ಕ್ಯಾನರ್‌ಗೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿದ್ದ ಈ ವೈದ್ಯ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ. ಇಂದಿಗೂ ಡಾಕ್ಟರುಗಳು ಬಳಸುವ ಅರ್ಧ ಮಾತುಗಳ ತವರು ಆ ಬರಹವೇ. ಒಂಟಿಯಾಗಿರುವುದು, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಹಟ, ಕೇಳಿದ ಮಾತನ್ನೇ ತಿರುಗಿ ಹೇಳುವುದು. ಈ ಕೊನೆಯದಕ್ಕೆ ಅವರ ಭಾಷೆಯಲ್ಲಿ 'ಎಕೋಲೇಲಿಯ' ಎನ್ನುತ್ತಾರೆ, ಮಾರ್ದನಿ ಮಾತು. ಮೊದಮೊದಲು ಅದನ್ನು ಅರ್ಥವಿಲ್ಲದ ಗಿಣಿಪಾಠ ಎಂದುಕೊಂಡಿದ್ದವರೇ ಬಹಳ. 1946ರಲ್ಲಿ ಕ್ಯಾನರ್ ಇನ್ನೊಂದು ಲೇಖನ ಬರೆದು, ಈ ಮಕ್ಕಳ ಮಾತು ಸಂಬಂಧವಿಲ್ಲದ್ದೆಂದು ಕಂಡರೂ ಅದು ಮೊದಲು ಕೇಳಿದ ಗಳಿಗೆಯನ್ನು ಹುಡುಕಿದರೆ ಅರ್ಥ ಸಿಗುತ್ತದೆ ಎಂದು ತೋರಿಸಿದ. 'ಎಷ್ಟ್ ಲೀಟ್ರು' ಎಂದರೆ ಹಸಿವು ಎಂದು ನಮ್ಮಕ್ಕ ಯಾವ ಲೇಖನವನ್ನೂ ಓದದೆ ಕಂಡುಕೊಂಡಿದ್ದಳು.

ಕ್ಯಾನರನ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ತಂದೆ ವಕೀಲ. ತಾಯಿಯ ಮನೆಯವರದು ಬ್ಯಾಂಕು. ಮಗನನ್ನು ತೋರಿಸುವ ಮುಂಚೆ ತಂದೆ ಕ್ಯಾನರನಿಗೆ ಒಂದು ಕಾಗದ ಬರೆಸಿದ. ಟೈಪು ಮಾಡಿದ 33 ಪುಟದ ಕಾಗದ. ಈ 33 ಪುಟದ ಬಗ್ಗೆ ನಾವು ಬಹಳ ಯೋಚಿಸಿದ್ದೇವೆ. ಮಗ ಹೇಗೆ ತಿನ್ನುತ್ತಾನೆ, ಹೇಗೆ ತಿರುಗುತ್ತಾನೆ, ಯಾವ ಮಾತನ್ನು ಯಾವಾಗ ಹೇಳುತ್ತಾನೆ ಎಂದು ಎಲ್ಲವನ್ನೂ ಬರೆಸಲು ಅಕ್ಷರ ಬೇಕು, ಪುರಸತ್ತು ಬೇಕು, ಟೈಪು ಮಾಡುವ ಗುಮಾಸ್ತೆ ಬೇಕು. ರೈಲಿನಲ್ಲಿ ಬಾಲ್ಟಿಮೋರಿಗೆ ಹೋಗಿ ಬರಲು ಹಣ ಬೇಕು. ಅದೇ ಮಿಸಿಸಿಪಿಯಲ್ಲಿ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಮನೆಗಳಲ್ಲೂ ತನ್ನ ಪಾಡಿಗೆ ತಾನಿರುವ ಮಕ್ಕಳು ಹುಟ್ಟಿರಲೇಬೇಕು. ಹನ್ನೊಂದರಲ್ಲಿ ಅಂಥ ಒಂದು ಮಗುವೂ ಇಲ್ಲ.

ಅದರ ಫಲ ಏನಾಯಿತೆಂದರೆ, ಕ್ಯಾನರ್ ತನ್ನ ಬಳಿ ಬಂದ ತಂದೆತಾಯಿಗಳೆಲ್ಲ ಓದಿದವರು, ಬುದ್ಧಿವಂತರು ಎಂಬುದನ್ನು ಗಮನಿಸಿದ. ಅದು ಕಾಯಿಲೆಯ ಗುಣವೇ ಇರಬೇಕೆಂದು ಜನ ನಂಬಿದರು. ಆಟಿಸಂ ಎಂದರೆ ಮೇಲುವರ್ಗದ ಮನೆಯಲ್ಲಿ ಹುಟ್ಟುವಂಥದ್ದು ಎಂಬ ಮಾತು ಮೂವತ್ತು ನಲವತ್ತು ವರ್ಷ ಓಡಾಡಿತು. ಬಡವರ ಮಗುವಿಗೆ ಆ ಹೆಸರು ಸಿಗಲಿಲ್ಲ, ಅವನು ಬರೀ ದಡ್ಡ. ಶ್ರೀಮಂತನ ಮಗ ಮಾತಾಡದಿದ್ದರೆ ವಿಚಿತ್ರ, ಬಡವನ ಮಗ ಮಾತಾಡದಿದ್ದರೆ ಮಂಕು. ಹೆಸರೂ ಒಂದು ಆಸ್ತಿ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಹಾಗಂತ ಆ ಮೇಲುವರ್ಗದ ತಾಯಂದಿರು ಸುಖಪಟ್ಟರು ಎಂದಲ್ಲ. 1949ರಲ್ಲಿ ಕ್ಯಾನರನೇ ಈ ಮಕ್ಕಳನ್ನು ಫ್ರಿಜ್ಜಿನಲ್ಲಿಟ್ಟು ಬೆಳೆಸಿದ ಹಾಗಿದೆ ಎಂಬ ಅರ್ಥದ ಮಾತಾಡಿದ. ಅದರಿಂದ 'ರೆಫ್ರಿಜರೇಟರ್ ತಾಯಿ' ಎಂಬ ಪದ ಹುಟ್ಟಿತು. ತಾಯಿಯ ಎದೆ ತಣ್ಣಗಿದ್ದುದಕ್ಕೆ ಮಗು ಹೀಗಾಯಿತು ಎಂದು. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಒಂದು ಇಡೀ ಪುಸ್ತಕ ಬರೆದು, ನಾಜಿ ಶಿಬಿರದ ಕೈದಿಗಳ ಸ್ಥಿತಿಗೆ ಈ ಮಕ್ಕಳ ಸ್ಥಿತಿಯನ್ನು ಹೋಲಿಸಿದ. ಅವನು ಸ್ವತಃ ಡಾಕೌ, ಬುಖೆನ್‌ವಾಲ್ಡ್ ಶಿಬಿರಗಳಲ್ಲಿದ್ದು ಬಂದವನು. ಆ ನೋವು ಗೊತ್ತಿದ್ದವನೇ ಹೆತ್ತವರನ್ನು ಕಾವಲುಗಾರರ ಸಾಲಿಗೆ ನಿಲ್ಲಿಸಿದ. ಇಲ್ಲಿ ಪಂಚಾಂಗ ಹಿಡಿದವನು ಹೆತ್ತವಳ ಕರ್ಮ ಎಂದ, ಅಲ್ಲಿ ಕೋಟು ತೊಟ್ಟವನು ಹೆತ್ತವಳ ತಣ್ಣನೆ ಎದೆ ಎಂದ. ಬೆರಳು ಹೋದದ್ದು ಒಂದೇ ಕಡೆಗೆ.

ಇದನ್ನು ಒಡೆದವರಲ್ಲಿ ಮೊದಲಿಗರು ಹೆತ್ತವರೇ. ಬರ್ನಾರ್ಡ್ ರಿಮ್ಲಂಡ್ ಆಟಿಸಂ ಇರುವ ಮಗನ ತಂದೆ. 1964ರಲ್ಲಿ ಅವನು ಪುಸ್ತಕ ಬರೆದು, ಇದು ಮಿದುಳಿಗೆ ಸೇರಿದ್ದು, ತಾಯಿಯ ಪ್ರೀತಿಗೆ ಸೇರಿದ್ದಲ್ಲ ಎಂದು ವಾದಿಸಿದ. 1969ರಲ್ಲಿ ಕ್ಯಾನರ್ ಹೆತ್ತವರ ಸಭೆಯಲ್ಲಿ ನಿಂತು ನೀವು ನಿರಪರಾಧಿಗಳು ಎಂದ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ 21 ಜೊತೆ ಅವಳಿ ಮಕ್ಕಳನ್ನು ಪರೀಕ್ಷಿಸಿ, ಇದರಲ್ಲಿ ವಂಶವಾಹಿಯ ಪಾಲು ದೊಡ್ಡದು ಎಂದು ತೋರಿಸಿದರು. ಇಪ್ಪತ್ತು ಮೂವತ್ತು ವರ್ಷ ಅತ್ತ ತಾಯಂದಿರ ಕಣ್ಣೀರಿಗೆ ಯಾರೂ ಲೆಕ್ಕ ಕೊಡಲಿಲ್ಲ.

ವಿಯೆನ್ನಾದ ಕಥೆ ಇನ್ನೂ ಕರಾಳ. ಹಾನ್ಸ್ ಆಸ್ಪರ್ಗರ್ ಎಂಬ ಮಕ್ಕಳ ವೈದ್ಯ 1944ರಲ್ಲಿ, ಚೆನ್ನಾಗಿ ಮಾತಾಡುವ ಆದರೆ ಜನರ ಜೊತೆ ಬೆರೆಯಲಾರದ ಹುಡುಗರ ಬಗ್ಗೆ ಬರೆದ. ಮುಂದೆ ಅವನ ಹೆಸರೇ ಒಂದು ರೋಗದ ಹೆಸರಾಯಿತು. ನಾಜಿಗಳಿಂದ ಮಕ್ಕಳನ್ನು ಕಾಪಾಡಿದ ಪುಣ್ಯಾತ್ಮ ಎಂದು ಬಹುಕಾಲ ಹೊಗಳಿದರು. 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರ ಹಳೆಯ ಕಡತಗಳನ್ನು ತೆಗೆದು, ಆಸ್ಪರ್ಗರ್ ಮಕ್ಕಳನ್ನು ಸ್ಪೀಗಲ್‌ಗ್ರುಂಡ್ ಎಂಬಲ್ಲಿಗೆ ಕಳಿಸಲು ಸಹಿ ಹಾಕಿದ್ದನ್ನು ತೋರಿಸಿದ. ಅಲ್ಲಿ ಸುಮಾರು 800 ಮಕ್ಕಳು ಸತ್ತರು, ಬಹಳ ಮಕ್ಕಳನ್ನು ಕೊಂದರು. ಕೆಲಸಕ್ಕೆ ಬರುವ ಮಗು, ಬಾರದ ಮಗು ಎಂದು ಎರಡು ಸಾಲು ಮಾಡಿದ್ದು ಗುಂಡಿನಿಂದಲ್ಲ, ಪೆನ್ನಿನಿಂದ. ಆದ್ದರಿಂದ ಹೆಸರಿಡುವ ಕೆಲಸವನ್ನು ನಾವು ಪಂಡಿತರಿಗೇ ಬಿಟ್ಟು ಕೂರಲಾರೆವು.

ಕಾಯಿಲೆಗೆ ಜಾತಿಯಿಲ್ಲ, ಪತ್ತೆಗೆ ಇದೆ ಎಂದು ತೋರಿಸಿಕೊಟ್ಟವಳು ಲಂಡನ್ನಿನ ಲೋರ್ನಾ ವಿಂಗ್. ಅವಳೂ ವೈದ್ಯೆ, ಅವಳ ಮಗಳಿಗೂ ಆಟಿಸಂ. ಜೂಡಿತ್ ಗೌಲ್ಡ್ ಜೊತೆ ಸೇರಿ ಅವಳು ಮಾಡಿದ ಕೆಲಸ ಸರಳ: ಆಸ್ಪತ್ರೆಗೆ ಬಂದವರನ್ನು ನೋಡುವ ಬದಲು, ಕ್ಯಾಂಬರ್‌ವೆಲ್ ಎಂಬ ಒಂದು ಪ್ರದೇಶದಲ್ಲಿ ಕಷ್ಟವಿರುವ ಮಕ್ಕಳನ್ನೆಲ್ಲಾ ಹುಡುಕಿ ನೋಡಿದಳು. 1979ರಲ್ಲಿ ಆ ವರದಿ ಬಂತು. ಕ್ಯಾನರನ ಅಚ್ಚಿಗೆ ಹೊಂದುವವರು ಕೆಲವರೇ, ಆದರೆ ಬೆರೆಯುವುದು, ಮಾತು, ಕಲ್ಪನೆ ಈ ಮೂರರಲ್ಲೂ ತೊಡಕಿರುವವರು ಬಹಳ. ಒಬ್ಬನಿಗೆ ಮಾತೇ ಇಲ್ಲ, ಇನ್ನೊಬ್ಬನಿಗೆ ಮಾತು ನಿಲ್ಲುವುದೇ ಇಲ್ಲ. ಇದರಿಂದ ಹುಟ್ಟಿದ್ದೇ 'ಸ್ಪೆಕ್ಟ್ರಂ' ಎಂಬ ಮಾತು. ಕಾಮನಬಿಲ್ಲಿನಲ್ಲಿ ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು, ಹಾಗೆ. 1980ರಲ್ಲಿ ವಿಂಗ್ ಇನ್ನೊಂದು ಲೇಖನ ಬರೆದು, ಮೇಲುವರ್ಗದ ಕಾಯಿಲೆ ಎಂಬುದು ಯಾರು ಆಸ್ಪತ್ರೆಯವರೆಗೆ ಬರಬಲ್ಲರು ಎಂಬುದರ ಫಲವೇ ಹೊರತು ಕಾಯಿಲೆಯ ಗುಣವಲ್ಲ ಎಂದಳು. ಆಮೇಲಿನ ವೈದ್ಯರ ಪಟ್ಟಿಗಳ ಚರಿತ್ರೆ ಬೇಗ ಹೇಳಿಬಿಡಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಆಟಿಸಂಗೆ ಬೇರೆ ಜಾಗ ಸಿಕ್ಕಿತು, 1994ರಲ್ಲಿ ಆಸ್ಪರ್ಗರ್ ಹೆಸರು ಸೇರಿತು, 2013ರಲ್ಲಿ ಅದೂ ಹೋಗಿ ಎಲ್ಲಾ ಒಂದೇ ಸ್ಪೆಕ್ಟ್ರಂ ಆಯಿತು.

ಇನ್ನು ನಮ್ಮ ಕಡೆ ಏನು ನಡೆಯಿತು? ಬ್ರಿಟಿಷರ ಕಾಲದ ಜನಗಣತಿ 1931ರವರೆಗೂ ಹುಚ್ಚರು, ಕಿವುಡ-ಮೂಗರು, ಕುರುಡರು, ಕುಷ್ಠರೋಗಿಗಳು ಎಂದು ಎಣಿಸಿತು. ಮಾತಾಡದ ಮಗು ಮೂಗರ ಕಾಲಂಗೋ ಹುಚ್ಚರ ಕಾಲಂಗೋ ಬಿದ್ದಿರಬೇಕು. 1912ರ ಲುನಸಿ ಕಾನೂನು ಪೆದ್ದನನ್ನೂ ಮತಿ ಕೆಟ್ಟವನನ್ನೂ 'ಲುನಾಟಿಕ್' ಎಂಬ ಒಂದೇ ಮಾತಿನೊಳಗೆ ತುಂಬಿತು. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿಕೊಂಡಿತು, 1974ರಲ್ಲಿ ಅದು ನಿಮ್ಹಾನ್ಸ್‌ನಲ್ಲಿ ಸೇರಿತು. 1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಆಗ ನಾವೂ ಮೈಸೂರು ಜಿಲ್ಲೆಯವರೇ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು. ಆದರೆ ಕೂಲಿಗೆ ಹೋಗುವವಳಿಗೆ ಮೈಸೂರು ಎಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಬಸ್ಸಿನಲ್ಲಿ ಹುಡುಗ ಕಿರುಚಿದರೆ ಇಳಿಸಿಬಿಡುವ ಭಯ. ಅಂಥ ದಿನ ವಾರಕ್ಕೆ ಮೂರು ಬೇಕು ಎನ್ನುತ್ತಾರೆ, ಅದಕ್ಕೆ 'ಥೆರಪಿ' ಎಂದು ಹೆಸರು.

ಸ್ವತಂತ್ರ ಭಾರತ 1981ರ ಜನಗಣತಿಯಲ್ಲಿ ಎಣಿಸಿದ್ದು ಮೂರೇ ಬಗೆ: ಪೂರ್ತಿ ಕುರುಡು, ಪೂರ್ತಿ ಹೆಳವು, ಪೂರ್ತಿ ಮೂಗು. 1991ರಲ್ಲಿ ಅದೂ ಇಲ್ಲ. 1995ರ ಅಂಗವಿಕಲರ ಕಾಯಿದೆ ಏಳು ಬಗೆ ಹೇಳಿತು, ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಹೆಸರಿನಲ್ಲೇ ಆಟಿಸಂ ಬಂತು, ಆದರೆ 2011ರ ಜನಗಣತಿ ಮತ್ತೆ ಅದನ್ನು ಎಣಿಸಲಿಲ್ಲ. 2016ರ ಕಾಯಿದೆ 21 ಬಗೆಗಳನ್ನು ಪಟ್ಟಿ ಮಾಡಿ ಅದರೊಳಗೆ ಸ್ವಲೀನತೆಯನ್ನು ಸೇರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದಿದ್ದರೆ ಸವಲತ್ತು. ಬೇರೆ ಯಾವುದು ಬಿಟ್ಟರೂ ಶೇಕಡಾವಾರು ಎಂಬುದು ನಮ್ಮನ್ನು ಬಿಡುವುದಿಲ್ಲ.

ಈ ಶೇಕಡಾ ಅಳೆಯಲು ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 2009ರ ಹೊತ್ತಿಗೆ ಒಂದು ಅಳತೆಗೋಲು ಮಾಡಿತ್ತು. 40 ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದು ಅಂಕ. 70 ಮುಟ್ಟಿದರೆ ಆಟಿಸಂ. ಅಮೆರಿಕದ ಗೋಲಿಗಿಂತ ನಮ್ಮದೇ ಗೋಲು ಇರುವುದು ಒಳ್ಳೆಯದೇ. ಆದರೆ ಅದರ ಮೊದಲ ಪ್ರಶ್ನೆಯೇ, ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತದೆಯೇ ಎಂಬುದು.

ಇಲ್ಲಿ ನಮಗೆ ನಗು ಬಂತು, ಆಮೇಲೆ ಬರಲಿಲ್ಲ. ನಮ್ಮ ತಾತಂದಿರು ಗೌಡನ ಕಣ್ಣಿಗೆ ಕಣ್ಣು ಕೊಟ್ಟರೆ ಏಟು ತಿನ್ನುತ್ತಿದ್ದರು. ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದೇ ತಲೆ ತಗ್ಗಿಸು, ನೆಲ ನೋಡು ಎಂದು. ಕೇರಿಯ ಹುಡುಗ ಬಿಳಿ ಕೋಟಿನವರ ಮುಂದೆ ನೆಲ ನೋಡಿದರೆ ಅದು ಅವನ ಮಿದುಳಿನದೋ, ನಮ್ಮ ಊರಿನದೋ? ಹಾಗಂತ ನಾವು ವೈದ್ಯರನ್ನು ಹಳಿಯುತ್ತಿಲ್ಲ. ತಿಳಿದವರು ಹೇಳುವುದೇ ಬೇರೆ. ಎಂಟು ಹತ್ತು ತಿಂಗಳ ಮಗು ಹಾಲು ಕುಡಿಯುತ್ತಾ ಅವ್ವನ ಮುಖ ನೋಡುತ್ತದೆಯೇ, ವರ್ಷ ತುಂಬುವ ಹೊತ್ತಿಗೆ ಚಂದಮಾಮನನ್ನು ತೋರಿಸಿದರೆ ಬೆರಳ ದಿಕ್ಕಿಗೆ ನೋಡುತ್ತದೆಯೇ, ತಾನು ಕಂಡ ಹಕ್ಕಿಯನ್ನು ಅವ್ವನಿಗೆ ಬೆರಳಿಟ್ಟು ತೋರಿಸುತ್ತದೆಯೇ ಎಂದು ನೋಡಿ ಎನ್ನುತ್ತಾರೆ. ಗೌಡನ ಭಯ ತೊಟ್ಟಿಲಿನವರೆಗೆ ಬಂದಿರುವುದಿಲ್ಲ. ಅಲ್ಲಿ ನೋಡಿದರೆ ನಿಜ ತಿಳಿಯುತ್ತದೆ. ಒಂಬತ್ತು ವರ್ಷದವನನ್ನು ಹತ್ತು ನಿಮಿಷ ಎದುರು ಕೂರಿಸಿಕೊಂಡು ಅಂಕ ಹಾಕಿದರೆ ಎರಡೂ ಕಲಸಿಹೋಗುತ್ತದೆ. 2013ರಲ್ಲಿ ಶುರುವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿದಂದಿನಿಂದ 18 ವರ್ಷದವರೆಗೂ ಮಕ್ಕಳನ್ನು ಅಂಗನವಾಡಿಗೆ, ಶಾಲೆಗೆ ಬಂದು ನೋಡಬೇಕೆನ್ನುತ್ತದೆ. ಕೇರಿಯ ಅಂಗನವಾಡಿಯ ಚಾಪೆಯ ಮೇಲೆ ಕೂತು ನೋಡಬೇಕು ಎಂಬುದು ನಮ್ಮ ಬೇಡಿಕೆ.

ಇನ್ನೊಂದು ಮಾತು, ವ್ಯಾಕರಣದ್ದು. ಈ ಮಕ್ಕಳು 'ನಾನು' ಎನ್ನುವಲ್ಲಿ 'ನೀನು' ಎನ್ನುತ್ತಾರೆ ಎಂದು ಕ್ಯಾನರ್ ಬರೆದಿದ್ದ. ಕೇಳಿದ ಪ್ರಶ್ನೆಯನ್ನೇ ತಿರುಗಿಸಿ ಹೇಳುವುದರಿಂದ ಹಾಗಾಗುತ್ತದೆ. ಇಂಗ್ಲಿಷಿನಲ್ಲಿ ನಾನು ನೀನು ಇಲ್ಲದೆ ವಾಕ್ಯ ನಡೆಯದು, ಅದಕ್ಕೆ ಅದು ಎದ್ದು ಕಾಣುತ್ತದೆ. ನಮ್ಮಲ್ಲಿ ಅವ್ವ "ಅನ್ನ ಬೇಕಾ?" ಎನ್ನುತ್ತಾಳೆ, ಮಗು "ಅನ್ನ ಬೇಕಾ?" ಎನ್ನುತ್ತದೆ. ನಾನೂ ಇಲ್ಲ, ನೀನೂ ಇಲ್ಲ. ಬೇಕು ಎನ್ನಬೇಕಾದಲ್ಲಿ ಬೇಕಾ ಎಂಬ ಒಂದು ದೀರ್ಘ, ಅಷ್ಟೇ. ಪುಸ್ತಕ ಹಿಡಿದು ಸರ್ವನಾಮ ಹುಡುಕುವವನಿಗೆ ಈ ಮಗುವಿನ ಗುರುತು ಸಿಗುವುದಿಲ್ಲ. ಕನ್ನಡದ ಮಗುವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳಬೇಕು, ಅದರಲ್ಲೂ ನಮ್ಮ ಸೀಮೆಯ ಕನ್ನಡದಲ್ಲಿ.

2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಮಾತಾಡಿ ಅಂಗವಿಕಲರನ್ನು 'ದಿವ್ಯಾಂಗ'ರೆಂದು ಕರೆಯೋಣ ಎಂದರು. ದೇವರ ಅಂಗ. ನಮಗೆ ಈ ಆಟ ಹೊಸದಲ್ಲ. ನಮ್ಮನ್ನು ಹರಿಜನ ಎಂದು ಕರೆದರಲ್ಲ! ಬಾವಿ ಮುಟ್ಟಿಸದೆ ದೇವರ ಮಕ್ಕಳು ಎಂದರು. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೆ ಸೇರಿಸಹೊರಟಾಗ ಬಾಬಾಸಾಹೇಬರು ವಿರೋಧಿಸಿ ಹೊರಗೆ ನಡೆದರು. ದೇವರ ಹೆಸರು ಕೊಡುವವರು ಬಸ್ಸಿನ ಸೀಟು ಕೊಡುವುದಿಲ್ಲ. ಆ ತಾಯಿಗೆ ಬೇಕಾದ್ದು ಹುಡುಗ ಶಾಲೆಯಲ್ಲಿ ಒಂದು ಗಂಟೆ ಕೂತರೆ ಹೊಡೆಯದ ಮೇಷ್ಟ್ರು, ಮತ್ತು ಒಂದು ರಾತ್ರಿಯ ನಿದ್ದೆ.

ದಲಿತ ಎಂಬುದು ನಾವೇ ಎತ್ತಿ ಹಿಡಿದ ಹೆಸರು. ಹಾಗೆಯೇ ಆಟಿಸಂ ಇರುವವರೂ ತಮ್ಮ ಮಾತು ತಾವೇ ಆಡತೊಡಗಿದರು. 1993ರಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸ್ಟಿಕ್ ವ್ಯಕ್ತಿ ಹೆತ್ತವರ ಮುಂದೆ ನಿಂತು, ನಮಗಾಗಿ ಗೋಳಾಡಬೇಡಿ, ನಾವು ಸತ್ತಿಲ್ಲ, ನಿಮ್ಮ ಮುಂದೆಯೇ ಇದ್ದೇವೆ ಎಂಬ ಅರ್ಥದಲ್ಲಿ ಮಾತಾಡಿದರು. ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರಲ್ಲಿ 'ನ್ಯೂರೋಡೈವರ್ಸಿಟಿ' ಎಂದು ಬರೆದಳು, ಮಿದುಳುಗಳಲ್ಲೂ ಬಗೆಬಗೆ ಉಂಟು ಎಂದು. ನಮಗೆ ಹೆಚ್ಚು ಹಿಡಿಸಿದ್ದು 2012ರಲ್ಲಿ ಡೇಮಿಯನ್ ಮಿಲ್ಟನ್ ಹೇಳಿದ್ದು. ಅವನೂ ಆಟಿಸ್ಟಿಕ್. ನಿಮ್ಮ ಮನಸ್ಸು ನಮಗೆ ಅರ್ಥವಾಗುವುದಿಲ್ಲ ಎನ್ನುತ್ತೀರಿ, ನಮ್ಮ ಮನಸ್ಸು ನಿಮಗೆ ಅರ್ಥವಾಯಿತೇ? ತೊಡಕು ಎರಡೂ ಕಡೆಯದು, ದೂರು ಮಾತ್ರ ಒಬ್ಬರ ಮೇಲೆ ಎಂಬುದು ಅವನ ವಾದ. ಕೇರಿಯವರಿಗೆ ಬೆರೆಯಲು ಬರುವುದಿಲ್ಲ ಎಂದು ಊರು ಹೇಳುವುದನ್ನು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹೋಲಿಕೆಯನ್ನು ಅತಿ ಎಳೆಯಬಾರದು. ಜಾತಿ ಹೋದರೆ ನಮ್ಮ ನೋವು ಹೋಗುತ್ತದೆ. ಆ ಹುಡುಗ ತಡೆಯಲಾರದೆ ತನ್ನ ಕೈಯನ್ನೇ ಕಚ್ಚಿಕೊಂಡು ರಕ್ತ ಬರಿಸಿಕೊಳ್ಳುವುದು ಊರು ಪೂರ್ತಿ ಒಳ್ಳೆಯದಾದರೂ ಪೂರ್ತಿ ನಿಲ್ಲುತ್ತದೆಂದು ಹೇಳಲಾರೆವು. ಬರೀ ಭಿನ್ನತೆ ಎಂಬ ಮಾತು ಮಾತು ಬಲ್ಲವರಿಗೆ ಸುಲಭ. ಬೆಳಗಿನ ಜಾವದವರೆಗೆ ಕೂತು ಅವನ ಕೈ ಹಿಡಿದಿರುವ ಹೆಂಗಸಿನ ಮುಂದೆ ಅದನ್ನು ನಾವು ಹೇಳಲಿಲ್ಲ.

ಮೊದಲ ರೋಗಿ ಎನಿಸಿಕೊಂಡ ಡೊನಾಲ್ಡ್ ಮುಂದೆ ಏನಾದ ಎಂದು ಕೇಳುವಿರಿ. ತನ್ನ ಊರಿನಲ್ಲೇ ಇದ್ದ. ತಾಯಿಯ ಮನೆಯವರ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ದೇಶ ಸುತ್ತಿದ, ಊರವರು ಅವನನ್ನು ಅವನಿದ್ದ ಹಾಗೆ ಇಟ್ಟುಕೊಂಡರು. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡ. ಇದನ್ನು ನಮ್ಮಕ್ಕನಿಗೆ ಹೇಳಿದೆವು. ಅವಳು ಸುಮ್ಮನೆ ಕೇಳಿಸಿಕೊಂಡು, "ಅವ್ರ್‌ದು ಬ್ಯಾಂಕಿತ್ತು ಅಂದ್ರಲ್ಲ" ಎಂದಳು.

ಕಳೆದ ತಿಂಗಳು ಗುರುತಿನ ಚೀಟಿಯ ಅರ್ಜಿ ತುಂಬಲು ಅವಳ ಮನೆಯ ಜಗಲಿಯಲ್ಲಿ ಕೂತಿದ್ದೆವು. ನ್ಯೂನತೆಯ ವಿಧ ಎಂಬಲ್ಲಿ ಆಸ್ಪತ್ರೆಯವರು ಹೇಳಿದ್ದನ್ನೇ ಬರೆದೆವು. ಏನ್ ಬರುದ್ರಿ, ಓದಿ ಎಂದಳು. ಓದಿದೆವು. ಅವಳು ಹೇಳಲು ನೋಡಿದಳು, ಸೊಲೀನ, ಸಲ್ಲಿನ, ನಾಲಿಗೆ ತಿರುಗಲಿಲ್ಲ. ನಮ್ಮಲ್ಲಿ ಒಬ್ಬನಿಗೂ ಎರಡು ಸಲ ತಪ್ಪಿತು. ಗೋಡೆ ಕಡೆ ಮುಖ ಮಾಡಿ ಕೂತಿದ್ದ ಹುಡುಗ, ನಮ್ಮ ಕಡೆ ತಿರುಗದೆ, ಒಂದಕ್ಷರ ತಪ್ಪದೆ ಹೇಳಿದ: "ಸ್ವಲೀನತೆ." ಇನ್ನೊಂದು ಸಲ ಹೇಳಿದ. ಸ್ವಲ್ಪ ಹೊತ್ತಾದ ಮೇಲೆ, "ಎಷ್ಟ್ ಲೀಟ್ರು?" ಎಂದ. ಅವ್ವ ಎದ್ದು ಒಳಗೆ ಹೋದಳು.